ಸೆಗೋವಿಯಾಕ್ಕೆ ಒಬ್ಬಳೇ

"ನೀವಿಬ್ಬರೂ ಒಟ್ಟಿಗೆ ಹೋಗ್ತಿರೋದಾ?"

ಡಬ್ಲಿನ್ನಿನ ವೀಸಾ ಕೇಂದ್ರದ ಕೌಂಟರಿನಲ್ಲಿದ್ದ ಐರಿಶ್ ಹೆಂಗಸು ಇಂಗ್ಲಿಷಿನಲ್ಲಿ ಹೀಗೆ ಕೇಳಿದಾಗ ನಿಸರ್ಗಾ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಪಕ್ಕದ ಕೌಂಟರಿನಲ್ಲಿ ಒಬ್ಬ ನಿಂತಿದ್ದ. ನೀಲಿ ಸ್ವೆಟರ್, ಎರಡು ದಿನದ ಗಡ್ಡ, ಕೈಯಲ್ಲಿ ಭಾರತದ ಪಾಸ್‌ಪೋರ್ಟ್. ಅವನೂ ಅವಳಷ್ಟೇ ಪೆಚ್ಚಾಗಿ ನೋಡುತ್ತಿದ್ದ.

"ಇಲ್ಲ. ನಾನು ಸೋಲೋ!" ಎಂದಳು. ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟಳು. ಸಾಲಿನಲ್ಲಿ ಕೂತಿದ್ದವರು ತಲೆ ಎತ್ತಿದರು.

"ನಾನೂ ಸೋಲೋ," ಎಂದ ಅವನು ಮೆಲ್ಲಗೆ.

ಹೆಂಗಸು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟಳು. ಮೇ ತಿಂಗಳ ಬ್ಯಾಂಕ್ ಹಾಲಿಡೇ ವಾರ. ಮ್ಯಾಡ್ರಿಡ್‌ನಲ್ಲಿ ಒಂದೇ ಹೋಟೆಲು. ಸೋಮವಾರ ಟೊಲೆಡೊ, ಮಂಗಳವಾರ ಸೆಗೋವಿಯಾ, ಬುಧವಾರ ಆವಿಲಾ. ಬೆಳಿಗ್ಗೆ ಹೋಗಿ ಸಂಜೆ ಬರುವ ಟ್ರೇನುಗಳೂ ಅವೇ. ಸೆಗೋವಿಯಾದ ಮುಂದೆ ಎರಡರಲ್ಲೂ ಒಂದು ಸಾಲು: ಮಧ್ಯಾಹ್ನ ಎರಡರಿಂದ ನಾಲ್ಕು, ಏನೂ ಇಲ್ಲ.

"'ಏನೂ ಇಲ್ಲ' ಅಂತ ಬರೆದವರನ್ನ ನಾನು ಇವತ್ತೇ ನೋಡಿದ್ದು. ಅದೂ ಹತ್ತು ನಿಮಿಷದಲ್ಲಿ ಇಬ್ಬರು," ಎಂದಳು ಆಕೆ. "ಜೋಡಿಯಾದ್ರೆ ತೊಂದರೆ ಇಲ್ಲ, ಹಾಗೇ ಬರೆದುಕೊಡಿ. ಅಲ್ಲದಿದ್ರೆ ಇಬ್ಬರೂ ಒಂದೊಂದು ವಿವರಣೆ ಪತ್ರ ತನ್ನಿ. ಇಲ್ಲಾಂದ್ರೆ ಎರಡೂ ರಿಜೆಕ್ಟ್ ಆಗಬಹುದು."

ಕಾಗದ ಬರೆಯಲು ಇಬ್ಬರೂ ಎದುರಿನ ಕಾಫಿ ಅಂಗಡಿಗೇ ಹೋಗಬೇಕಾಯಿತು. ಬೇರೆ ಬೇರೆ ಟೇಬಲ್ ಹುಡುಕಿದರೂ ಖಾಲಿ ಇದ್ದದ್ದು ಒಂದೇ.

"ಕನ್ನಡಾನಾ?" ಎಂದು ಅವನು ಕೇಳಿದ್ದೇ ತಡ, ನಿಸರ್ಗಾಳ ಎದೆಯಲ್ಲಿ ಗಂಟೆ ಹೊಡೆಯಿತು. ಇದು ಅಮ್ಮನ ಕೆಲಸ!

ಅವಳು ಹಾಗೆ ಅಂದುಕೊಳ್ಳುವುದಕ್ಕೆ ಕಾರಣವಿತ್ತು. ಅವಳ ತಾಯಿ ಜಯಶೀಲಾ ತುಮಕೂರಿನಲ್ಲಿ ಕೂತೇ ಐರ್ಲೆಂಡಿನಲ್ಲಿ ಕಾಕತಾಳೀಯಗಳನ್ನು ಹುಟ್ಟಿಸಬಲ್ಲ ಹೆಂಗಸು. ಹೋದ ಯುಗಾದಿ ಕಾರ್ಯಕ್ರಮದಲ್ಲಿ 'ಅಕಸ್ಮಾತ್' ಪಕ್ಕದ ಕುರ್ಚಿಗೆ ಬಂದು ಕೂತ ಗಾಲ್ವೇ ಹುಡುಗ ಅಮ್ಮನ ಸ್ನೇಹಿತೆಯ ಅಳಿಯನ ತಮ್ಮ. ಡಿಸೆಂಬರಿನಲ್ಲಿ ಅಮ್ಮ ಕಳಿಸಿದ ಒಂದು ಕೇಜಿ ಚಟ್ನಿಪುಡಿ ಹಿಡಿದು ಮನೆಗೆ ಬಂದವನು ಮೂರು ದೋಸೆ ತಿಂದು, ಸಂಬಳ ಕೇಳಿ, ಅಡುಗೆಮನೆಯ ಫೋಟೋ ತೆಗೆದುಕೊಂಡು ಹೋದ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಕಾಲೇಜು ಅಪ್ಪನ ಆಯ್ಕೆ. ಮಾಸ್ಟರ್ಸ್ ಕೋರ್ಸು ಚಿಕ್ಕಪ್ಪನ ಆಯ್ಕೆ. ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನ ಬಾಡಿಗೆ ಮನೆ ಕೂಡ ಅಮ್ಮನಿಗೆ ಗೊತ್ತಿದ್ದವರ ಮೂಲಕ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರೂ ಏರ್ಪಡಿಸದೆ ಅವಳು ತಾನೇ ಮನಸ್ಸು ಮಾಡಿದ್ದು ಈ ಸ್ಪೇನ್ ಒಂದನ್ನೇ. ಅಲ್ಲಿಯೂ ಅಮ್ಮ ಒಬ್ಬನನ್ನು ಕಳಿಸಿದ್ದರೆ ಅವಳದ್ದು ಅಂತ ಉಳಿದದ್ದೇನು?

"ಈ ಪ್ಲಾನ್ ನಿಮಗೆಲ್ಲಿ ಸಿಕ್ತು?" ಎಂದು ಕೇಳಿದ.

"ನಾನೇ ಮಾಡಿದ್ದು."

"ಹೌದಾ? ಹಾಗಾದ್ರೆ ಎರಡರಿಂದ ನಾಲ್ಕು ಯಾಕೆ ಖಾಲಿ ಬಿಟ್ರಿ?"

"ಊಟಕ್ಕೆ."

"ಊಟ ಒಂದು ಗಂಟೆಗೇ ಆಗಿದೆಯಲ್ಲ," ಎಂದು ಅವನು ಹಾಳೆ ತೋರಿಸಿದ. ನಗುವನ್ನು ಅದುಮಿಡಲು ಹೋಗಿ ಅವನ ಕೆನ್ನೆಯಲ್ಲಿ ಸಣ್ಣ ಗುಳಿ ಬಿತ್ತು. ನಿಸರ್ಗಾ ಅದನ್ನು ನೋಡಿ, ನೋಡಲಿಲ್ಲ ಎಂಬಂತೆ ಕಿಟಕಿಯ ಕಡೆ ತಿರುಗಿದಳು.

"ಸರಿ. ವಾಟ್ಸಾಪ್ ಗ್ರೂಪಲ್ಲಿ ಬಂದಿತ್ತು. ಕನ್ನಡದವರ ಗ್ರೂಪು. ಯಾರೋ ವೀಸಾ ಟೆಂಪ್ಲೇಟ್ ಅಂತ ಹಾಕಿದ್ರು. ರಜೆ ನಂಗೂ ಅದೇ ವಾರ ಇತ್ತು. ಹೆಸರೊಂದು ಬದಲಾಯಿಸಿದೆ."

ಅವನು ಹಣೆ ಚಚ್ಚಿಕೊಂಡ. "ಮಿಥುನ್! ನಮ್ಮ ಆಸ್ಪತ್ರೆಲಿ ಜೊತೆಗಿರೋನು. ನನ್ನ ಪ್ಲಾನ್ ನೋಡಿ ಕೊಡ್ತೀನಿ ಅಂತ ಇಸ್ಕೊಂಡಿದ್ದ. ಆ ಗ್ರೂಪಲ್ಲಿ ಆರುನೂರು ಜನ ಇದಾರೆ! ಸೆಗೋವಿಯಾದಲ್ಲಿ ಎರಡು ಗಂಟೆಗೆ ಕನ್ನಡ ಸಂಘದ ಮೀಟಿಂಗೇ ಆಗತ್ತೆ ಬಿಡಿ."

ನಗಬಾರದು ಎಂದುಕೊಂಡೇ ಅವಳು ನಕ್ಕಳು. "ಅದಿರಲಿ, ಯಾಕೆ ಖಾಲಿ?"

"ನನ್ನ ಒಂದೊಂದು ಗಂಟೆನೂ ಆಸ್ಪತ್ರೆ ಡ್ಯೂಟಿ ಪಟ್ಟಿಲಿ ಬೇರೆ ಯಾರೋ ಬರೆದಿರ್ತಾರೆ. ಎರಡು ಗಂಟೆ ಆದ್ರೂ ಯಾರೂ ಏನೂ ಬರೆಯದೇ ಇರೋದು ಬೇಕಿತ್ತು."

ತನ್ನ ಮನಸ್ಸಿನ ಮಾತು ಇನ್ನೊಬ್ಬನ ಬಾಯಲ್ಲಿ ಬಂದಂತಾಯಿತು. ಅದಕ್ಕೇ ಅವಳಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಇಷ್ಟು ಸರಿಯಾಗಿ ಹೇಳಬೇಕಾದರೆ ಯಾರೋ ಹೇಳಿಕೊಟ್ಟು ಕಳಿಸಿರಬೇಕು.

"ನಾನು ಹೃಷಿಕೇಶ್. ಕಿಲ್ಕೆನ್ನಿಲಿ ಡಾಕ್ಟರ್."

"ನಿಸರ್ಗಾ. ಲೆಪರ್ಡ್ಸ್‌ಟೌನಲ್ಲಿ ಡೇಟಾ ಕೆಲಸ. ಊರು ಬೆಂಗಳೂರು."

ಬಾಯಿಗೆ ಹೋಗುತ್ತಿದ್ದ ಅವನ ಕಪ್ಪು ಅರ್ಧದಲ್ಲೇ ನಿಂತಿತು. ಅವಳ ಮುಖವನ್ನು ಒಮ್ಮೆ ನೋಡಿ, ಕಪ್ಪನ್ನು ಕೆಳಗಿಟ್ಟು, ಸುಮ್ಮನೆ ಚಮಚ ತಿರುಗಿಸತೊಡಗಿದ. "ಹೆಸರು ಚೆನ್ನಾಗಿದೆ," ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿಸರ್ಗಾ ಅವತ್ತು ಸಂಜೆಯೇ ಫೋನಿನಲ್ಲಿ 'ಸಾಕ್ಷಿಗಳು' ಎಂದು ಒಂದು ನೋಟ್ ತೆರೆದಳು. ಒಂದನೆಯದು: ಹೆಸರು ಕೇಳಿ ಕಪ್ಪು ನಿಂತಿತು.

ಪತ್ರಗಳು ಒಪ್ಪಿಗೆಯಾದವು. ವೀಸಾ ಬರಲು ಮೂರು ವಾರ ಕಾಯಬೇಕಿತ್ತು. ಆ ಮೂರು ಭಾನುವಾರವೂ ಹೃಷಿಕೇಶ್ ಕಿಲ್ಕೆನ್ನಿಯಿಂದ ಬಂದ. "ಡಬ್ಲಿನಲ್ಲಿ ಸ್ವಲ್ಪ ಕೆಲಸ ಇತ್ತು," ಎನ್ನುತ್ತಿದ್ದ. ಆ ಕೆಲಸ ಏನೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಇಬ್ಬರೂ ಅವಳ ಮನೆಗೆ ಹತ್ತಿರದ ಮಾಲಾಹೈಡ್‌ನ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದರು.

ಒಮ್ಮೆ ಗಾಳಿಗೆ ಅವಳ ಕೂದಲು ಬಾಯಿಗೆ ಬಂತು. ಅವನ ಕೈ ತಾನಾಗಿಯೇ ಮೇಲೆದ್ದು, ಅರ್ಧಕ್ಕೆ ಬುದ್ಧಿ ಬಂದು, ಜೇಬು ಸೇರಿತು. ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಅದನ್ನು ಅವಳು ನೋಟ್‌ನಲ್ಲಿ ಬರೆಯಲಿಲ್ಲ.

ಬರೆದದ್ದು ಬೇರೆ. ಎರಡನೆಯದು: ಸಂಬಳ ಕೇಳಲಿಲ್ಲ. ಮೂರನೆಯದು: ಅಪ್ಪ ಏನ್ಮಾಡ್ತಾರೆ, ಎಷ್ಟು ಜನ ಮಕ್ಕಳು, ಬೆಂಗಳೂರಲ್ಲಿ ಯಾವ ಏರಿಯಾ, ಒಂದನ್ನೂ ಕೇಳಲಿಲ್ಲ. ನಮ್ಮ ಜನ ಎರಡನೇ ಭೇಟಿಗೇ ಇಷ್ಟನ್ನೂ ಕೇಳಿ ಮುಗಿಸುತ್ತಾರೆ. ಕೇಳದವನಿಗೆ ಮೊದಲೇ ಗೊತ್ತಿರಬೇಕು.

"ಕೇಳಿದ್ರೂ ತಪ್ಪು, ಕೇಳದಿದ್ರೂ ತಪ್ಪು. ಅನುಮಾನಂ ಪೆದ್ದ ರೋಗಂ ಕಣೇ," ಎಂದಳು ಬಾಡಿಗೆ ಮನೆಯಲ್ಲಿ ಜೊತೆಗಿದ್ದ ಗೆಳತಿ ಅಪೂರ್ವಾ. "ಆ ನೋಟ್ ಓದಿದ್ರೆ ಸಾಕ್ಷಿ ಅವನ ಮೇಲಲ್ಲ, ನಿನ್ನ ಮೇಲೆ ಇದೆ. ಎಷ್ಟು ನೋಡಿದೀಯ ಅವನನ್ನ!"

ಮೂರನೇ ಭಾನುವಾರ ಬೆಂಚಿನ ಮೇಲೆ ಕೂತು ಇಬ್ಬರೂ ಒಂದೇ ಪೊಟ್ಟಣದಿಂದ ಚಿಪ್ಸ್ ತಿನ್ನುತ್ತಿದ್ದರು. "ಈಗ ಇಲ್ಲಿ ಎಲ್ಲಾ ಸಿಗತ್ತೆ," ಎಂದ ಹೃಷಿಕೇಶ್, "ನಿಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಒಂದು ಬಿಟ್ಟು."

ಅವಳ ಕೈ ನಿಂತಿತು. ಕ್ಯಾತ್ಸಂದ್ರ ತುಮಕೂರಿನ ಬಾಗಿಲಲ್ಲೇ ಇರುವ ಊರು. ತುಮಕೂರಿನವರು ಪರದೇಶದಲ್ಲಿ ಬೆಂಗಳೂರು ಎಂದೇ ಹೇಳುವುದು. ಅವಳೂ ಅಷ್ಟೇ ಹೇಳಿದ್ದಳು.

ಅವನಿಗೂ ತಿಳಿಯಿತು. "ಅಂದ್ರೆ... ಎಲ್ಲರಿಗೂ ಇಷ್ಟ ಅಲ್ವಾ, ಅದಕ್ಕೆ..."

"ಬಸ್ಸಿಗೆ ಹೊತ್ತಾಯ್ತು," ಎಂದು ಅವಳು ಎದ್ದಳು.

ಆ ವಾರ ಅವನ ಯಾವ ಮೆಸೇಜಿಗೂ ಅವಳು ಉತ್ತರ ಕೊಡಲಿಲ್ಲ. ಅಮ್ಮನ ಮೇಲಿನ ಸಿಟ್ಟು ಹಳೆಯದು, ಅದು ಹೇಗೋ ಆರುತ್ತಿತ್ತು. ಹೆಚ್ಚು ಸಿಟ್ಟು ಬಂದದ್ದು ತನ್ನ ಮೇಲೇ. ಅವನು ಅವಳಿಗೆ ಇಷ್ಟವಾಗಿದ್ದ. ತುಂಬಾ ಇಷ್ಟವಾಗಿದ್ದ. ಅಮ್ಮ ಆರಿಸಿಟ್ಟ ಸೀರೆಯನ್ನು ತಾನೇ ಆರಿಸಿದೆ ಎಂದುಕೊಂಡು ಉಟ್ಟು ಮೆರೆದಂತಾಗಿತ್ತು ಅವಳ ಸ್ಥಿತಿ. ಶುಕ್ರವಾರ ವೀಸಾ ಬಂತು. ಪಾಸ್‌ಪೋರ್ಟ್ ತೆರೆದು ನೋಡಿ, ಕುಣಿಯುವ ಬದಲು ಅತ್ತಳು.

ಶನಿವಾರ ಬೆಳಿಗ್ಗೆ ಡಬ್ಲಿನ್ನಿನ ಹ್ಯೂಸ್ಟನ್ ಸ್ಟೇಷನ್ನಿನಿಂದ ಕಿಲ್ಕೆನ್ನಿ ಟ್ರೇನ್ ಹತ್ತಿದಳು. ಕಲ್ಲಿನ ಕೋಟೆಯ ಮುಂದಿನ ಹುಲ್ಲಿನ ಪಾರ್ಕಿನಲ್ಲಿ ಕೂತು ಒಂದು ಸಾಲು ಕಳಿಸಿದಳು: "ಕೋಟೆ ಹತ್ರ ಇದೀನಿ. ಬನ್ನಿ."

ಅವನು ಡ್ಯೂಟಿ ಮುಗಿಸಿ ಹಾಗೇ ಬಂದಿದ್ದ. ಕೊರಳಲ್ಲಿ ಆಸ್ಪತ್ರೆಯ ಕಾರ್ಡು ನೇತಾಡುತ್ತಿತ್ತು. ಅವಳ ಮುಖ ನೋಡಿ ದೂರದಲ್ಲೇ ನಿಂತ.

"ಒಂದೇ ಪ್ರಶ್ನೆ. ನಮ್ಮಮ್ಮ ನಿಮಗೆ ಎಷ್ಟು ದಿನದಿಂದ ಗೊತ್ತು?"

"ಒಂದೇ ಸಲ ಮಾತಾಡಿದೀನಿ. ನವೆಂಬರಲ್ಲಿ."

"ನನ್ನನ್ನ ನೋಡ್ಕೊಂಡು ಬಾ ಅಂತ ಕಳಿಸಿದ್ರಾ?"

"ಇಲ್ಲ ನಿಸರ್ಗಾ." ಅವನು ಹತ್ತಿರ ಬಂದ. "ಬೇಡ ಅಂತ ಹೇಳೋಕೆ ಫೋನ್ ಮಾಡಿದ್ದೆ."

"ಏನು ಬೇಡ ಅಂತ?" ಎಂದಳು ನಿಸರ್ಗಾ.

"ನಮ್ಮತ್ತೆ ನಿಮ್ಮ ಬಯೋಡೇಟಾ ಕಳಿಸಿದ್ರು. ತುಮಕೂರು, ಡಬ್ಲಿನ್, ಎಲ್ಲಾ ಅದರಲ್ಲೇ ಇತ್ತು. ಫೋಟೋ ತೆಗೆದೂ ನೋಡ್ಲಿಲ್ಲ. ಬೇಡ ಅನ್ನೋದನ್ನ ಅತ್ತೆ ಕೈಲಿ ಹೇಳಿಸೋದು ಸರಿ ಅಲ್ಲ ಅಂತ ನಾನೇ ನಿಮ್ಮಮ್ಮಂಗೆ ಹೇಳಿದೆ. ಆಮೇಲೆ ಕಾಫಿ ಅಂಗಡಿಲಿ ನೀವು ಹೆಸರು ಹೇಳಿದ್ರಿ."

"ಯಾಕೆ? ನನ್ನಲ್ಲಿ ಏನು ಕಮ್ಮಿ ಇತ್ತು?" ಅವಳ ದನಿ ಏರಿತು. ಐದು ನಿಮಿಷದ ಹಿಂದೆ ಅವನು ಅಮ್ಮ ಕಳಿಸಿದ ವರ ಎಂಬ ಸಿಟ್ಟು. ಈಗ ಅವನು ತನ್ನನ್ನು ಬೇಡ ಎಂದ ವರ ಎಂಬ ಸಿಟ್ಟು. ನಾಯಿ ಹಿಡಿದು ಹೋಗುತ್ತಿದ್ದ ಮುದುಕ ತಿರುಗಿ ನೋಡಿದ.

"ಆ ಬಯೋಡೇಟಾದಲ್ಲಿ ನೀವೇ ಇರ್ಲಿಲ್ಲ. 'ಹಿರಿಯರ ಮಾತು ಮೀರುವುದಿಲ್ಲ, ಎಲ್ಲಿಗೆ ಹೇಳಿದರೂ ಬರಲು ಸಿದ್ಧ' ಅಂತ ಇತ್ತು. ಆ ಹುಡುಗಿನ ಬೇಡ ಅಂದೆ. ಕೌಂಟರ್ ಮುಂದೆ ನಿಂತು 'ಸೋಲೋ' ಅಂತ ಕೂಗಿದವರ ಬಗ್ಗೆ ಅದರಲ್ಲಿ ಒಂದು ಸಾಲೂ ಇರ್ಲಿಲ್ಲ."

"ಮೊದಲ ದಿನಾನೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಎದ್ದು ಹೋಗ್ತಿದ್ರಿ. ನಂಗೆ ನೀವು ಹೋಗೋದು ಬೇಕಿರ್ಲಿಲ್ಲ." ಅವನ ಕಿವಿ ಕೆಂಪಾಗಿತ್ತು. "ಈಗಲೂ ಬೇಡ."

ಮಾತು ಚೆನ್ನಾಗಿತ್ತು. ಆದರೆ ಮೋಸ ಮಾಡುವವರೂ ಚೆನ್ನಾಗಿಯೇ ಮಾತಾಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ನಿಸರ್ಗಾ ಅಲ್ಲೇ ತುಮಕೂರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

"ಅಮ್ಮ, ನವೆಂಬರಲ್ಲಿ ಕಿಲ್ಕೆನ್ನಿ ಡಾಕ್ಟರ್ ಒಬ್ರ ಪ್ರಪೋಸಲ್ ಬಂದಿತ್ತಾ?"

ಆ ಕಡೆ ಕುಕ್ಕರ್ ಒಂದು ಸೀಟಿ ಹಾಕಿತು.

"ನಿಂಗ್ಯಾರು ಹೇಳಿದ್ದು?"

"ಬಂದಿತ್ತಾ, ಇಲ್ವಾ?"

"ಬಂದಿತ್ತು ಕಣೆ. ನಾವೇ ಬೇಡ ಅಂದ್ವಿ. ಆ ಹುಡುಗನ ಮೂಗು ಒಂಥರಾ ಸೊಟ್ಟ. ನನ್ನ ಮಗಳಿಗೆ ಅವನೆಲ್ಲಿ ಸಮ! ನೀನು ಅದನ್ನೆಲ್ಲ ತಲೆಗೆ ಹಚ್ಕೋಬೇಡ, ಊಟ ಮಾಡಿದ್ಯಾ?"

ಹೃಷಿಕೇಶನ ಕೈ ಮೆಲ್ಲಗೆ ತನ್ನ ಮೂಗಿಗೆ ಹೋಯಿತು.

ಆ ದನಿ ನಿಸರ್ಗಾಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಒಬ್ಬಟ್ಟು ಸಾಲದೇ ಬಂದಾಗ "ನಂಗೆ ಸಿಹಿ ಸೇರಲ್ಲ, ನೀವು ತಿನ್ನಿ" ಎನ್ನುತ್ತಿದ್ದ ದನಿ ಅದು. ಊರಿಗೆಲ್ಲ ಚಟ್ನಿಪುಡಿ ಹಂಚಿದ ಅಮ್ಮ, ಮಗಳನ್ನು ಒಬ್ಬ ಬೇಡ ಎಂದನೆಂಬ ಮಾತನ್ನು ಮಾತ್ರ ಐದು ತಿಂಗಳು ಒಬ್ಬಳೇ ನುಂಗಿಕೊಂಡಿದ್ದಳು. ಆ ಸುಳ್ಳಿನಿಂದಲೇ ಅವನ ಮಾತು ನಿಜವೆಂದು ತಿಳಿಯಿತು.

"ಥ್ಯಾಂಕ್ಸ್ ಅಮ್ಮ."

"ಯಾತಕ್ಕೇ?"

"ಆಮೇಲೆ ಹೇಳ್ತೀನಿ." ಫೋನ್ ಇಟ್ಟಳು. ಕಣ್ಣೊರೆಸಿಕೊಂಡು, "ಎಲ್ಲಿ, ಈ ಕಡೆ ತಿರುಗಿ," ಎಂದಳು.

ಅವನು ತಿರುಗಿದ. ಅವಳು ಬೇಕೆಂದೇ ತುಂಬಾ ಹೊತ್ತು ನೋಡಿದಳು. ಅವನ ಕಣ್ಣು ಎಲ್ಲಿ ನೋಡಬೇಕೆಂದು ತಿಳಿಯದೆ ಹುಲ್ಲು, ಕೋಟೆ, ಆಕಾಶ ಎಲ್ಲ ಸುತ್ತಿ ಕೊನೆಗೆ ಅವಳಲ್ಲಿಗೇ ಬಂತು.

"ಸ್ವಲ್ಪ ಸೊಟ್ಟನೇ ಇದೆ."

"ಕ್ರಿಕೆಟ್ ಬಾಲ್. ಎಂಟನೇ ಕ್ಲಾಸು."

"ಇರಲಿ ಬಿಡಿ. ನಂಗೆ ಮೊದಲ ದಿನದಿಂದ ಇಷ್ಟ ಆಗಿದ್ದೇ ಅದು."

ಸಂಜೆ ಸ್ಟೇಷನ್ನಿಗೆ ನಡೆಯುವಾಗ ಅವನು ಹೇಳಿದ, "ನಾನು ಲೀವ್ ಜೂನ್‌ಗೆ ಹಾಕಿದೀನಿ. ಮೇ ನಿಮ್ಮದು. ಸೋಲೋ ಅಂದ್ರೆ ಸೋಲೋ."

"ಯಾವಾಗ ಹಾಕಿದ್ರಿ?"

"ಸೋಮವಾರ. ತಟ್ಟೆ ಇಡ್ಲಿ ಮರುದಿನ."

"ನಿಮ್ಮ ವೀಸಾ?"

"ಹೊಸದಾಗಿ ಹಾಕ್ತೀನಿ. ಈ ಸಲ ಮಿಥುನ್‌ಗೆ ಪ್ಲಾನ್ ತೋರಿಸಲ್ಲ."

ಅವಳು ನಿಂತಳು. ಅವಳ ಸಲುವಾಗಿ ಅವನು ತನ್ನ ಪ್ರಯಾಣವನ್ನೇ ಬಿಟ್ಟಿದ್ದ. ಅದೂ ಅವಳು ಮಾತು ಬಿಟ್ಟಿದ್ದ ವಾರದಲ್ಲಿ, ಅವಳಿಗೆ ತಿಳಿಸದೆಯೇ.

"ಹೋಗಿ ಬಂದ್ಮೇಲೆ ನೀವು ಕೇಳಿ," ಎಂದಳು. "ಅತ್ತೆ ಕೈಲಿ ಅಲ್ಲ, ನಮ್ಮಮ್ಮನ ಹತ್ರ ಅಲ್ಲ. ನೀವು, ನನ್ನ ಹತ್ರ."

"ಈಗಲೇ ಕೇಳಿದ್ರೆ?"

"ಈಗ ಕೇಳಿದ್ರೆ ಹೂಂ ಅಂದ್ಬಿಡ್ತೀನಿ. ಆಮೇಲೆ ಟೊಲೆಡೊ, ಆವಿಲಾ, ಎಲ್ಲಿ ಹೋದ್ರೂ ನೀವೇ ಜೊತೆಲಿರ್ತೀರ. ಒಬ್ಬಳೇ ಹೋದ ಹಾಗೇ ಆಗಲ್ಲ."

ಅವನು ಬಾಯಿ ತೆರೆದ. ಮುಚ್ಚಿದ.

ಟ್ರೇನ್ ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಪ್ಲಾಟ್‌ಫಾರ್ಮಿನಲ್ಲಿ ಎರಡೂ ಕೈ ಜೇಬಿನಲ್ಲಿಟ್ಟು ತುಟಿ ಬಿಗಿಹಿಡಿದು ನಿಂತಿದ್ದ. ಕಣ್ಣು ಮಾತ್ರ ಅವಳನ್ನು ಬಿಟ್ಟು ಕದಲಲಿಲ್ಲ. ಕೇಳು, ಕೇಳಿಬಿಡು ಎಂದು ಅವಳ ಮನಸ್ಸೇ ಕೂಗುತ್ತಿತ್ತು. ಬಾಗಿಲು ಮುಚ್ಚಿತು. ಟ್ರೇನ್ ಹೊರಟಿತು.

ಅವನು ಕೇಳಲಿಲ್ಲ; ಅವಳ ಪ್ರಯಾಣವನ್ನು ಅವಳಿಗೇ ಬಿಟ್ಟ. ಅವಳ ಅನುಮಾನ ಅಲ್ಲಿಗೆ ಮುಗಿಯಿತು.