ಟಿಟಿ ಕೆಳಗಿನ ಅಪ್ಪ

"ಅಪ್ಪಾ, ಉಪ್ಪಿಟ್ಟು ಆರಿಹೋಗ್ತಾ ಇದೆ!"

ಮೇಧಾ ಬಗ್ಗಿ ಕೂಗಿದಳು. ಅವಳಿಗೆ ಕಂಡದ್ದು ಅಪ್ಪನ ಎರಡು ಪಾದ ಮಾತ್ರ. ಮಿಕ್ಕ ಅಪ್ಪನೆಲ್ಲ ಟಿಟಿಯ ಕೆಳಗಿದ್ದ.

"ಎರಡೇ ನಿಮಿಷ ಕಣೇ, ಬಂದೆ," ಎಂದವು ಪಾದಗಳು.

ಆ ಎರಡು ನಿಮಿಷ ಎಷ್ಟು ಉದ್ದ ಎಂದು ಮೇಧಾಗೆ ಚೆನ್ನಾಗಿ ಗೊತ್ತಿತ್ತು. ಹೋದ ಭಾನುವಾರ ಅದು ಮಧ್ಯಾಹ್ನದ ಊಟದವರೆಗೂ ಎಳೆದಿತ್ತು.

ಕೆಳಗೆ ವೈರ್ ಬ್ರಷ್ ಮತ್ತೆ ಕರಕರ ಎಂದಿತು. ಮೇಧಾ ಮನೆಗೆ ಹೋಗಿ, ಟಿವಿ ಹಾಕಿಕೊಂಡು, ಒಬ್ಬಳೇ ಉಪ್ಪಿಟ್ಟು ತಿಂದಳು. ಟಿವಿ ನೋಡಬೇಕು ಅಂತೇನಲ್ಲ. ಮನೆಯಲ್ಲಿ ಯಾರಾದರೂ ಮಾತಾಡುತ್ತಿರಲಿ ಅಂತ.

ಟಿಟಿ ಎಂದರೆ ಒಂದು ಕಾಲದಲ್ಲಿ ಮದುವೆಗೆ, ಟ್ರಿಪ್ಪಿಗೆ ಜನರನ್ನು ತುಂಬಿಕೊಂಡು ಓಡಿದ ಹಳೇ ವ್ಯಾನು. ಅಪ್ಪ ಅದನ್ನು ಕಾಮಾಕ್ಷಿಪಾಳ್ಯದ ಶೆಡ್ಡೊಂದರಿಂದ ತಂದು, ಸೀಟುಗಳನ್ನು ಕಿತ್ತು, ಮೂರು ಜನಕ್ಕೆ ಹಾಸಿಗೆ, ಒಂದು ಸ್ಟೋವ್, ಅಂಗೈಯಗಲದ ಸಿಂಕು ಎಲ್ಲ ಕೂರಿಸಿದ್ದ. ಅಪ್ಪನೇನೂ ಮೆಕ್ಯಾನಿಕ್ ಅಲ್ಲ. ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಫೋನಿನಲ್ಲಿ ವೀಡಿಯೋ ನೋಡಿ ನೋಡಿ ಕಲಿತಿದ್ದ. ಗಾಡಿ ನಿಂತಿದ್ದು ಪಕ್ಕದ ಮನೆ ಲಿಂಗಮ್ಮಜ್ಜಿಯ ಖಾಲಿ ಸೈಟಿನಲ್ಲಿ.

ಇಷ್ಟೆಲ್ಲ ಅಮ್ಮನಿಗೋಸ್ಕರ. ಜೂನ್‌ನಲ್ಲಿ ಬ್ಯಾಂಕಿನವರು ಅಮ್ಮನನ್ನು ರಾಯಚೂರಿಗೆ ಹಾಕಿದ್ದರು. ಅಲ್ಲಿ ಅಮ್ಮ ಇದ್ದದ್ದು ಲೇಡೀಸ್ ಪಿಜಿಯಲ್ಲಿ. ಅಪ್ಪನಿಗೆ ಗೇಟಿನಾಚೆಯೇ ಜಾಗ. ಮಗಳೂ ರಾತ್ರಿ ಉಳಿಯುವ ಹಾಗಿಲ್ಲ.

"ಅವರು ಒಳಗೆ ಬಿಡದಿದ್ರೆ ಏನಂತೆ? ನಮ್ಮ ಮನೇನೇ ತಗೊಂಡು ಹೋಗೋಣ. ದಸರಾ ರಜದಲ್ಲಿ ಮೂರೂ ಜನ ಅದ್ರಲ್ಲೇ ಇರೋಣ," ಎಂದು ಅಪ್ಪನೇ ಹೇಳಿದ್ದ.

ದಸರಾ ರಜ ಬಂದೂ ಆಗಿತ್ತು. ಆದರೆ ಅಂದು ಸಂಜೆ ಅಪ್ಪ ಫೋನಿನಲ್ಲಿ ಅಮ್ಮನಿಗೆ ಹೇಳುತ್ತಿದ್ದುದು ಮೇಧಾ ಕಿವಿಗೆ ಬಿತ್ತು.

"ಕೆಳಗಡೆ ಕೆಲಸ ಇನ್ನೂ ಇದೆ ಕಣೇ. ತುಕ್ಕು ತೂತು ಮಾಡ್ಬಿಟ್ರೆ ದಾರೀಲಿ ಕಷ್ಟ. ದೀಪಾವಳಿಗೆ ನೋಡೋಣ್ವಾ?"

ದೀಪಾವಳಿಗೆ ಯಾರು ಅಷ್ಟು ರಜ ಕೊಡ್ತಾರೆ? ಮೇಧಾಗೆ ಅಮ್ಮ ಈಗಲೇ ಬೇಕಿತ್ತು.

ಮರುದಿನ ಅಪ್ಪ ಆಫೀಸಿಗೆ ಹೋದ ಮೇಲೆ ಅವಳು ಟಿಟಿಯ ಪಕ್ಕ ಕುಳಿತು, ಬಾಗಿಲ ಕೆಳಗಿನ ಅಂಚಿನಡಿಗೆ ಕೈ ಹಾಕಿ ತಡಕಿದಳು. ಹೌದು, ತೂತು! ಸಾಲಾಗಿ ಇವೆ! ಅಪ್ಪನ ಡಬ್ಬಿಯಲ್ಲಿ ನಲ್ಲಿ ಪೈಪಿನ ಬಿರುಕು ಮುಚ್ಚುವ ಪೇಸ್ಟ್ ಇತ್ತು. ಅದನ್ನು ಚಪಾತಿ ಹಿಟ್ಟಿನ ಹಾಗೆ ನಾದಿ, ಒಂದೊಂದು ತೂತಿಗೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು. ಈಗ ಅಪ್ಪ ಯಾವ ನೆಪ ಹೇಳ್ತಾನೋ ನೋಡೋಣ!

ಆಯುಧಪೂಜೆಯ ಬೆಳಿಗ್ಗೆ ಅಪ್ಪ ಪೈಪ್ ಹಿಡಿದು ಟಿಟಿಗೆ ಭರ್ಜರಿ ಅಭ್ಯಂಜನ ಮಾಡಿಸಿದ. ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ.

"ಅಪ್ಪಾ, ನಾಳೆ ಹೊರಡೋಣ್ವಾ? ಇನ್ನೂ ಒಂದು ವಾರ ರಜ ಇದೆ," ಎಂದಳು ಮೇಧಾ.

ಅಪ್ಪ ಕೇಳಿಸದವನ ಹಾಗೆ ಗಾಡಿ ಸ್ಟಾರ್ಟ್ ಮಾಡಿದ. ನಿಂಬೆಹಣ್ಣು ಪಚಕ್ ಎಂದವು. ಹಿಂದೆಯೇ ಗಾಡಿಯೊಳಗಿಂದ ಗುಳುಗುಳು, ಗುಳುಗುಳು!

"ಏನ್ಲಾ ಸುಧೀಂದ್ರ, ನಿನ್ ಗಾಡಿಗೆ ಹೊಟ್ಟೆ ಕೆಟ್ಟೈತಲ್ಲಪ್ಪಾ!" ಎಂದು ಲಿಂಗಮ್ಮಜ್ಜಿ ಜಗಲಿಯಿಂದಲೇ ನಕ್ಕರು.

ಅಪ್ಪ ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಚಾಪೆ ಹಾಸಿ ಕೆಳಗೆ ನುಸುಳಿದ. ಟಾರ್ಚಿನ ಬೆಳಕು ಅತ್ತಿತ್ತ ಓಡಾಡಿತು.

"ಮೇಧಾ, ಇಲ್ಲಿ ಬಾ."

ಅವಳು ಹೆದರುತ್ತಲೇ ತೆವಳಿಕೊಂಡು ಹೋಗಿ ಅಪ್ಪನ ಪಕ್ಕ ಚಾಪೆಯ ಮೇಲೆ ಮಲಗಿದಳು. ಅಪ್ಪನ ಟಾರ್ಚಿನ ಬೆಳಕು ಒಂದು ತೂತಿನ ಮೇಲಿತ್ತು. ಒಣಗಿ ಗಟ್ಟಿಯಾದ ಪೇಸ್ಟ್ ಮೇಲೆ ಪುಟ್ಟ ಹೆಬ್ಬೆರಳಿನ ಗುರುತು.

"ಯಾಕೇ ಮುಚ್ಚಿದೆ?"

"ತುಕ್ಕು ಮಾಡಿರೋ ತೂತು ಅಂದ್ಕೊಂಡೆ. ನಿನ್ನ ಕೆಲಸ ಬೇಗ ಮುಗಿದ್ರೆ ಅಮ್ಮನ ಹತ್ರ ಹೋಗ್ಬೋದು ಅಂತ..." ಮೇಧಾಗೆ ಅಳು ಬಂದುಬಿಟ್ಟಿತು.

"ಅಯ್ಯೋ, ಅವು ಗಾಡಿ ಮಾಡಿದವರೇ ಬಿಟ್ಟಿರೋ ತೂತು ಕಣೇ. ಒಳಗೆ ಹೋದ ನೀರು ಆಚೆ ಹರಿಯೋಕೆ. ನೀರು ಒಳಗೇ ನಿಂತ್ಕೊಂಡ್ರೆ ಆಗ ಹಿಡಿಯೋದು ತುಕ್ಕು."

ಅಪ್ಪ ಸ್ಕ್ರೂಡ್ರೈವರ್‌ನಿಂದ ಪೇಸ್ಟನ್ನು ಮೀಟಿದ. ನೀರು ಚಿರ್ರೆಂದು ಅವನ ಮುಖಕ್ಕೇ ಹಾರಿತು. ಅಪ್ಪ ಕೆಮ್ಮಿ, ಮೂಗು ಒರೆಸಿಕೊಂಡು, ನಕ್ಕ. ಅವನ ನಗು ಕೇಳಿ ಎಷ್ಟು ದಿನವಾಗಿತ್ತೋ! ಮೇಧಾಗೂ ನಗು ಬಂತು.

ಆಮೇಲೆ ಅವಳು ಟಾರ್ಚ್ ಇಸಕೊಂಡು ಆಚೀಚೆ ಬೆಳಕು ಬಿಟ್ಟಳು. ಎಲ್ಲೆಲ್ಲೂ ಕಪ್ಪು ಪೇಂಟ್ ಹೊಳೆಯುತ್ತಿತ್ತು.

"ಅಪ್ಪಾ, ತುಕ್ಕು ಎಲ್ಲಿದೆ?"

ನೀರು ತೊಟ್ಟಿಕ್ಕುತ್ತಿತ್ತು.

"ಇಲ್ಲ. ಹೋದ ತಿಂಗಳೇ ಎಲ್ಲಾ ಮುಗೀತು."

"ಮತ್ತೆ ಇಲ್ಲಿ ಏನ್ ಮಾಡ್ತಾ ಇದ್ದೆ?"

"ಹೊಡೆದ ಪೇಂಟ್ ಉಜ್ಜೋದು, ಮತ್ತೆ ಹೊಡೆಯೋದು." ಅಪ್ಪನ ದನಿ ಸಣ್ಣದಾಯಿತು. "ಹೋದ್ರೆ, ಅವಳನ್ನ ಅಲ್ಲೇ ಬಿಟ್ಟು ವಾಪಸ್ ಬರ್ಬೇಕಲ್ಲ ಪುಟ್ಟಿ."

ಮೇಧಾಗೆ ಜೂನ್ ತಿಂಗಳ ಆ ದಿನ ನೆನಪಾಯಿತು. ಅಮ್ಮನನ್ನು ಬಸ್ಸು ಹತ್ತಿಸಿ ಬಂದ ಅಪ್ಪ, ತಲೆಯ ಹೆಲ್ಮೆಟ್ಟನ್ನೂ ತೆಗೆಯದೆ ಹಾಲ್‌ನಲ್ಲಿ ತುಂಬಾ ಹೊತ್ತು ಕೂತಿದ್ದ. ಮರೆತುಬಿಟ್ಟಿದ್ದಾನೆ ಎಂದು ಅವಳು ಆಗ ನಕ್ಕಿದ್ದಳು. ಅವನು ಮರೆತಿರಲಿಲ್ಲ. ಹೆಲ್ಮೆಟ್ಟಿನೊಳಗಿನ ಮುಖ ಅವಳಿಗೆ ಈಗ ಕಂಡಂತಾಯಿತು.

"ವಾಪಸ್ ಬರೋವಾಗ ನಾನೂ ಇರ್ತೀನಲ್ಲಪ್ಪಾ," ಎಂದಳು ಮೆಲ್ಲಗೆ. "ಮುಂದಿನ ಸೀಟಲ್ಲೇ ಕೂತ್ಕೊಳ್ತೀನಿ."

ಅಪ್ಪ ಒದ್ದೆ ತೋಳಿನಿಂದ ಮತ್ತೊಮ್ಮೆ ಮುಖ ಒರೆಸಿಕೊಂಡು, ಸ್ಕ್ರೂಡ್ರೈವರ್ ಅವಳ ಕೈಗೆ ಕೊಟ್ಟ.

"ಮಿಕ್ಕಿದ್ದು ನೀನೇ ತೆಗಿ. ಬೇಗ ಮುಗಿಸ್ಬೇಕು. ಬೆಳಿಗ್ಗೆ ಟ್ರಾಫಿಕ್ ಶುರುವಾಗೋಕೆ ಮುಂಚೆ ಊರು ದಾಟಬೇಕಲ್ಲ?"

ಮೇಧಾ ಎರಡನೆಯ ತೂತಿಗೆ ಸ್ಕ್ರೂಡ್ರೈವರ್ ಹಾಕಿದಳು.

"ಸುಧೀಂದ್ರಾ, ಒಬ್ಬಟ್ಟು ತಂದಿವ್ನಿ, ಬಾರಪ್ಪಾ!" ಲಿಂಗಮ್ಮಜ್ಜಿಯ ಚಪ್ಪಲಿಗಳು ಟಿಟಿಯ ಪಕ್ಕಕ್ಕೆ ಬಂದು ನಿಂತವು. "ಇದೇನ್ರೋ, ಇವತ್ತು ನಾಕು ಕಾಲು ಕಾಣ್ತಾವೆ?"

"ಎರಡೇ ನಿಮಿಷ ಅಜ್ಜೀ, ಬಂದ್ವಿ!" ಎಂದಳು ಮೇಧಾ.