ಎಡಗೈ ಎತ್ತಿದರೆ ಸಾಕು

"ಈ ಬರ್ ಮೊಂಡಾಗಿದೆ," ಎಂದಿತು ಬೆನ್ನ ಹಿಂದಿನ ದನಿ.

ಅವಳು ಗ್ರೈಂಡರ್ ನಿಲ್ಲಿಸಲಿಲ್ಲ. ಈ ವರ್ಕ್‌ಶಾಪಿಗೆ ಬಂದ ಗಂಡಸರೆಲ್ಲ ಅವಳಿಗೆ ಏನಾದರೊಂದು ಕಲಿಸಿಯೇ ಹೋಗುತ್ತಿದ್ದರು, ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಹೇಗೆ ನಗಬೇಕು ಎಂಬುದರವರೆಗೆ.

"ಕೊಯ್ಯೋ ಶಬ್ದ ಬೇರೆ, ತಿಕ್ಕೋ ಶಬ್ದ ಬೇರೆ. ಇದು ತಿಕ್ತಾ ಇದೆ."

ಈಗ ನಿಲ್ಲಿಸಿದಳು. ಗ್ರೈಂಡರಿನ ಮೂತಿಗೆ ಸಿಕ್ಕಿಸಿದ್ದ, ಲೋಹ ಕೊರೆಯುವ ಬರ್‌ನ ತುದಿಯನ್ನು ದೀಪಕ್ಕೆ ಹಿಡಿದು ನೋಡಿದಳು. ಹೌದು, ಮೊಂಡಾಗಿತ್ತು. ಸಿಟ್ಟು ಇನ್ನಷ್ಟು ಏರಿತು.

"ನೀವು ಯಾವ ಗ್ಯಾರೇಜಿನವರು?"

"ನಾನು ಹಲ್ಲಿನ ಡಾಕ್ಟ್ರು."

"ಪೇಶೆಂಟ್‌ಗಳ ಹತ್ರಾನೂ ಹೀಗೇ ಹೇಳದೆ ಕೇಳದೆ ಬಾಯಿ ಹಾಕ್ತೀರಾ?"

"ಅವರ ಬಾಯಿ ತೆರೆದಿರುತ್ತೆ, ತಿರುಗಿ ಬೈಯೋಕಾಗಲ್ಲ. ಇಲ್ಲಿ ಆ ಅನುಕೂಲ ಇಲ್ಲ ನೋಡಿ."

ಕನ್ನಡಕದ ಮೇಲೆ ಕೂತಿದ್ದ ಲೋಹದ ಪುಡಿ ಒರೆಸುವ ನೆವದಲ್ಲಿ ಅವಳು ಮುಖ ತಿರುಗಿಸಿ ನಕ್ಕಳು.

ಹೊರಗೆ ನಿಂತಿದ್ದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಅವನದು. ಅವನಿಗಿಂತ ಮೊದಲು ಅವನ ಸೋದರತ್ತೆಯದು. ಬೆಟ್ಟದ ರಸ್ತೆಯ ರೇಸುಗಳಲ್ಲಿ ಅದನ್ನು ಗಂಡಸರ ಮುಂದೆ ಓಡಿಸಿ ಗೆದ್ದವಳು, ಸಾಯುವ ಮುನ್ನ ಕೀಯನ್ನು ಇವನ ಕೈಗಿಟ್ಟಿದ್ದಳು. ಈಗ ಎಂಜಿನ್ನಿಗೆ ಸುಸ್ತು. ಟರ್ಬೊ ಹಾಕಿಸು, ಇಲ್ಲದಿದ್ದರೆ ಗುಜರಿಗೆ ಹಾಕು ಎಂದು ಕಾರ್ ಕ್ಲಬ್ಬಿನವರು ನಗುತ್ತಿದ್ದರು. ಇವನಿಗೆ ಟರ್ಬೊ ಬೇಡ. ಯಾರೋ ಹೊರಗಿನಿಂದ ಊದಿ ತುಂಬಿಸುವ ಗಾಳಿ ಬೇಡ, ಇದು ತನ್ನ ಉಸಿರಲ್ಲೇ ಓಡಲಿ ಎನ್ನುತ್ತಿದ್ದಳಂತೆ ಅತ್ತೆ. ಅಂಥ ಎಂಜಿನ್ ಮತ್ತೆಲ್ಲೂ ಸಿಗುವುದಿಲ್ಲ. ಒಡೆದರೆ ಅಲ್ಲಿಗೆ ಮುಗಿಯಿತು.

ತನ್ನ ಉಸಿರಲ್ಲೇ ಎಂಬ ಮಾತು ಅವಳ ಎದೆಗೆ ಹೋಗಿ ಕೂತುಬಿಟ್ಟಿತು.

ಅಷ್ಟರಲ್ಲಿ ಅವಳ ಅಣ್ಣ ಬಂದ. ಇಸ್ತ್ರಿ ಹಾಕಿದ ಅಂಗಿ, ಮಾತಿಗೆ ಮೊದಲೇ ಹೊರಡುವ ನಗು. ನೂರೈವತ್ತು ಕುದುರೆಶಕ್ತಿ ತೆಗೆದುಕೊಡುತ್ತೇನೆ ಸಾರ್, ಟರ್ಬೊ ಇಲ್ಲದೆಯೇ, ಎಂದು ಕ್ಲಬ್ಬಿನ ಅಧ್ಯಕ್ಷರ ಮುಂದೆ ಅವನು ಆಗಲೇ ಎದೆ ತಟ್ಟಿಕೊಂಡು ಬಂದಿದ್ದ. ಅಣ್ಣನ 'ನಾನು' ಎಂದರೆ ತಂಗಿಯ ಕೈಗಳು ಎಂಬುದು ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಕೆಲಸ ಕಲಿಸಿದ್ದು ಮಗಳಿಗೆ, ಬೋರ್ಡಿನಲ್ಲಿ ಬರೆಸಿದ್ದು 'ತಂದೆ ಮತ್ತು ಮಗ' ಎಂದು. ಅಪ್ಪ ಹೋದ ಮೇಲೂ ಬೋರ್ಡು ಅದೇ. ಅನ್ಯಾಯ ಯಾವಾಗಲೂ ಗದರಿಕೊಂಡೇ ಬರುವುದಿಲ್ಲ. 'ನಮ್ಮ ಪುಟ್ಟಿ' ಎಂದು ತಲೆ ಸವರಿಕೊಂಡೂ ಬರುತ್ತದೆ.

"ನಮ್ಮ ತಂಗಿ, ಸಾರ್. ಕ್ಲೀನಿಂಗಿಗೆ ಸಹಾಯ ಮಾಡ್ತಾಳೆ," ಎಂದ ಅಣ್ಣ.

ಡಾಕ್ಟರು ಅವಳ ಬೆರಳುಗಳನ್ನು ನೋಡಿದ. ಆ ನೋಟ ಅವಳಿಗೆ ಸಂಜೆಯವರೆಗೂ ಬಿಸಿಯಾಗಿಯೇ ಇತ್ತು.

*

ಕ್ಲಿನಿಕ್ಕಿಗೆ ಮಧ್ಯಾಹ್ನದ ಬಿಡುವು ಸಿಕ್ಕಾಗಲೆಲ್ಲ ಅವನು ಬರತೊಡಗಿದ. ಹೊಸ ಬರ್‌ಗಳನ್ನು ತಂದ. ಅವಳು ಕೆಲಸ ಮಾಡುತ್ತ ವಿವರಿಸುತ್ತಿದ್ದಳು: ಎಂಜಿನ್ನಿನ ಮೇಲೆ ಕೂರುವ ಈ ಹೆಡ್ಡಿನೊಳಗಿನ ದಾರಿಗಳಲ್ಲೇ ಗಾಳಿ ಓಡಾಡುವುದು, ಅವುಗಳ ತಿರುವು, ಉಬ್ಬು ತೆಗೆದರೆ ಉಸಿರಾಟ ಸಲೀಸು. ವಾಲ್ವುಗಳನ್ನು ಇನ್ನಷ್ಟು ಹೊತ್ತು, ಇನ್ನಷ್ಟು ಆಳಕ್ಕೆ ತೆರೆದಿಡುವ ಹೊಸ ಕ್ಯಾಮ್‌ಶಾಫ್ಟ್. ಹೊಗೆ ಎಲ್ಲೂ ಅಡ್ಡಿಯಿಲ್ಲದೆ ಹೊರಹೋಗುವ ಪೈಪು. ಹೆಡ್ಡಿನ ಅಡಿಯನ್ನು ಚೂರು ಉಜ್ಜಿದರೆ ಒತ್ತಡ ಹೆಚ್ಚುತ್ತದೆ, ಶಕ್ತಿಯೂ. ಚೂರು ಮಾತ್ರ.

"ದುರಾಸೆ ಮಾಡಿದ್ರೆ?"

ಅವಳು ಪಿಸ್ಟನ್ನಿನ ನೆತ್ತಿಗೆ ಒಂದು ಉಂಡೆ ಜೇಡಿಮಣ್ಣು ಅಂಟಿಸಿ, ಹೆಡ್ ಕೂರಿಸಿ, ಎಂಜಿನ್ನನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿದಳು. ಮತ್ತೆ ಬಿಚ್ಚಿದಾಗ ಮಣ್ಣಿನ ಮೇಲೆ ವಾಲ್ವಿನ ಅಚ್ಚು ಮೂಡಿತ್ತು. ಬ್ಲೇಡಿನಿಂದ ಸೀಳಿ ತೆಳುವಾದ ಜಾಗ ತೋರಿಸಿದಳು.

"ವಾಲ್ವು, ಪಿಸ್ಟನ್ನು ಇಷ್ಟು ಹತ್ತಿರ ಬರ್ತವೆ. ಹೆಡ್ ಉಜ್ಜಿದಷ್ಟೂ ಇನ್ನೂ ಹತ್ತಿರ. ಮುಟ್ಟಬಾರದು. ಮುಟ್ಟಿದ್ರೆ ಎರಡೂ ಉಳಿಯಲ್ಲ."

"ಹಲ್ಲು ಕಚ್ಚಿಸಿ ಮೇಣದ ಅಚ್ಚು ತಗೊಳ್ತೀನಲ್ಲ, ಹಾಗೇ ಇದೆ," ಎಂದು ಅವನು ಬಗ್ಗಿದ. ಅವನ ಕೋಟಿನಿಂದ ಲವಂಗದೆಣ್ಣೆಯ ವಾಸನೆ ಬಂತು. ಇಬ್ಬರ ತಲೆಗಳ ನಡುವೆ ಆ ಮಣ್ಣಿನ ಚೂರಿನಷ್ಟೇ ಜಾಗ.

"ಮುಟ್ಟಬಾರದು ಅನ್ನೋದು ಎಂಜಿನ್ನಿಗೆ ಮಾತ್ರಾನಾ?" ಎಂದ ಮೆಲ್ಲಗೆ.

"ಡಾಕ್ಟ್ರೇ, ಸ್ವಲ್ಪ ಹಿಂದೆ ಸರೀರಿ. ಬೆಳಕಿಗೆ ಅಡ್ಡ ಆಗ್ತಿದೆ."

ಸರಿದ. ಬೆಳಕು ಬಂದರೂ ಅವಳಿಗೆ ಏನೂ ಕಾಣಲಿಲ್ಲ.

ಅವತ್ತೇ ಅವಳು ಯಾರಿಗೂ ತೋರಿಸದ್ದನ್ನು ತೋರಿಸಿದ್ದು. ಹೆಡ್ಡಿನ ಪಕ್ಕದಲ್ಲಿ, ಕೆಳ ಅಂಚಿಗೆ ತಾಗಿಕೊಂಡು ಎಳ್ಳಿನಷ್ಟು ಪುಟ್ಟದೊಂದು ಗೀರು. ತಾನು ಮಾಡಿದ ಪ್ರತಿ ಹೆಡ್ಡಿಗೂ ಅವಳು ಹಾಕುವ ರುಜು ಅದು. ಬೋರ್ಡಿನಲ್ಲಿ ಜಾಗ ಸಿಗದವಳು ಕಬ್ಬಿಣದಲ್ಲಿ ಮಾಡಿಕೊಂಡ ಜಾಗ. ಅವನು ಅದನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ.

"ನನ್ನ ಹತ್ರಾನೂ ಒಂದು ಗುಟ್ಟಿದೆ. ಪೇಶೆಂಟ್‌ಗಳಿಗೆ ಮಾತ್ರ ಹೇಳೋದು," ಎಂದ. "ಬಾಯಲ್ಲಿ ಮಷೀನ್ ಇದ್ದಾಗ ಮಾತಾಡೋಕಾಗಲ್ಲ. ಎಡಗೈ ಎತ್ತಿದರೆ ಸಾಕು. ಯಾಕೆ ಅಂತ ಕೇಳಲ್ಲ. ಮೊದಲು ನಿಲ್ಲಿಸ್ತೀನಿ."

ಕೇಳದೆಯೇ ನಿಲ್ಲಿಸುವ ಗಂಡಸನ್ನು ಅವಳು ನೋಡಿರಲಿಲ್ಲ.

*

ಅಣ್ಣನಿಗೆ ಕಣ್ಣಿತ್ತು. ಅವಳಿಗೆ ಜ್ವರ ಬಂದ ದಿನ, ನೀನು ಮಲಗು ಪುಟ್ಟಿ, ಎಂಜಿನ್ ನಾನೇ ಮುಚ್ತೀನಿ ಎಂದ. ಆಮೇಲೆ ಡೈನೋ ಪರೀಕ್ಷೆಗೂ ಅವಳು ಬರಕೂಡದು ಎಂದ. ಕಾರಿನ ಚಕ್ರಗಳನ್ನು ರೋಲರುಗಳ ಮೇಲಿಟ್ಟು ಓಡಿಸಿ ಶಕ್ತಿ ಅಳೆಯುವ ಆ ಕೋಣೆಯಲ್ಲಿ ಕ್ಲಬ್ಬಿನ ಗಂಡಸರೇ ತುಂಬಿರುತ್ತಾರೆ, ಹೆಣ್ಣುಮಗಳು ಬಂದು ನಿಂತರೆ ಚೆನ್ನಾಗಿರಲ್ಲ, ಹಲ್ಲಿನ ಡಾಕ್ಟರ ವಿಷಯ ನಾನು ಮನೆಗೆ ಬಂದಮೇಲೆ ಮಾತಾಡೋಣ, ಎಂದೆಲ್ಲ ಹೇಳಿ ಹೊರಟುಹೋದ.

ಅತ್ತಿಗೆ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹೊರಬಂದು ತನ್ನ ಸ್ಕೂಟರಿನ ಕೀ ಮುಂದೆ ಹಿಡಿದಳು.

"ಒಂದು ತಿಂಗಳಿಂದ ಗ್ರೀಸ್ ಬಳಿಯೋಕೆ ಹೋಗೋವಾಗ್ಲೂ ತಲೆ ಬಾಚ್ಕೊಂಡು ಹೋಗ್ತಿದ್ದೀಯ. ನಾನೇನು ಕುರುಡಿನಾ? ಹೋಗು. ನಿಮ್ಮಣ್ಣ ಕೇಳಿದ್ರೆ ಕೀ ಕದ್ದಳು ಅಂತೀನಿ."

ಅವಳು ಡೈನೋ ಕೋಣೆ ತಲುಪಿದಾಗ ಕಾರನ್ನು ಪಟ್ಟಿಗಳಿಂದ ಬಿಗಿದು ನಿಲ್ಲಿಸಿದ್ದರು. ಬಾನೆಟ್ ತೆರೆದಿತ್ತು. ಡಾಕ್ಟರು ಸ್ಟೀರಿಂಗ್ ಹಿಡಿದು ಕೂತಿದ್ದ. ಎಂಜಿನ್ ಬಿಸಿಯಾಗಲೆಂದು ಅರ್ಧ ವೇಗದಲ್ಲಿ ಒಂದೆರಡು ಸಲ ಓಡಿಸಿ ಆಗಿತ್ತು. ಮುಂದಿನದು ಪೂರ್ತಿ ವೇಗ. ಅಣ್ಣ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದ.

ನಿಧಾನಕ್ಕೆ ಓಡುತ್ತಿದ್ದ ಎಂಜಿನ್ನಿನ ಸದ್ದು ಚೆನ್ನಾಗಿತ್ತು. ಆದರೂ ಆ ಸದ್ದಿನ ತಳದಲ್ಲಿ ಎಲ್ಲೋ ಒಂದು ಉಗುರು ಮೀಟಿದಂತೆ. ಅವಳು ಟಾರ್ಚ್ ಹಿಡಿದು ಹೆಡ್ಡಿನ ಕೆಳ ಅಂಚನ್ನು ಹುಡುಕಿದಳು. ಮತ್ತೊಮ್ಮೆ ಹುಡುಕಿದಳು.

ಗೀರು ಇರಲಿಲ್ಲ.

ಅಂಚೇ ಇಲ್ಲದ ಮೇಲೆ ಗೀರೆಲ್ಲಿ? ನೂರೈವತ್ತು ಮುಟ್ಟಿಸುವ ಹಟಕ್ಕೆ ಅಣ್ಣ ಹೆಡ್ಡನ್ನು ಮತ್ತೆ ಮಷೀನಿಗೆ ಹಾಕಿ ಉಜ್ಜಿದ್ದ. ಮಣ್ಣಿನಲ್ಲಿ ಅಳೆದ ಜಾಗ ಈಗಿಲ್ಲ. ತಂಗಿಯ ರುಜು ಅಳಿಸಿದ್ದೇನೆಂಬುದೂ ಅವನಿಗೆ ಗೊತ್ತಿರಲಿಲ್ಲ. ಅಲ್ಲೊಂದು ರುಜು ಇತ್ತೆಂದು ಗೊತ್ತಿದ್ದರೆ ತಾನೆ?

ಡಾಕ್ಟರು ಆಕ್ಸಿಲರೇಟರ್ ಒತ್ತಿದ. ರೋಲರುಗಳು ಗುಡುಗಿದವು, ನೆಲ ನಡುಗಿತು, ಮುಳ್ಳು ಏರತೊಡಗಿತು. ಕೂಗಿದರೆ ಅವಳ ದನಿ ಅವಳಿಗೇ ಕೇಳುವಂತಿರಲಿಲ್ಲ. ಅಣ್ಣ ಅವಳನ್ನು ಕಂಡು, ಹೊರಗೆ ನಡೆ ಎಂಬಂತೆ ಬಾಗಿಲ ಕಡೆ ಕೈ ತೋರಿಸಿದ. ಗಂಡಸರೆಲ್ಲ ತಿರುಗಿ ನೋಡಿದರು.

ಅವಳು ಬಾನೆಟ್ಟಿನ ಮರೆಯಿಂದ ಡಾಕ್ಟರಿಗೆ ಕಾಣುವಂತೆ ಬಂದು ನಿಂತಳು. ಎಡಗೈ ಎತ್ತಿದಳು.

ಅವನ ಕಾಲು ತಕ್ಷಣ ಮೇಲೆ ಬಂತು. ಕೀ ತಿರುಗಿತು. ಗುಡುಗು ಸತ್ತು, ರೋಲರುಗಳು ನಿಧಾನಕ್ಕೆ ನಿಲ್ಲುವ ಗಿರಗಿರ ಮಾತ್ರ ಉಳಿಯಿತು.

"ಯಾಕೆ ನಿಲ್ಲಿಸಿದ್ರಿ ಸಾರ್?" ಅಣ್ಣ ನುಗ್ಗಿಬಂದ. "ಅವಳಿಗೇನು ಗೊತ್ತು?"

"ಗೀರು ಇಲ್ಲ," ಎಂದಳು ಅವಳು, ಡಾಕ್ಟರ ಮುಖವನ್ನೇ ನೋಡುತ್ತ.

ಅವನು ಕಾರಿನಿಂದ ಇಳಿದ. "ಬಿಚ್ಚಿ," ಎಂದ. "ಈಗಲೇ, ಇಲ್ಲೇ. ನಿಮ್ಮ ತಂಗಿಯೇ ಬಿಚ್ಚಲಿ."

ಅಣ್ಣ ಮನೆಯ ಮಾತು, ಮರ್ಯಾದೆಯ ಮಾತು ಎಲ್ಲ ಆಡಿದ. ಅವಳು ಎಂಜಿನ್ ಆರುವವರೆಗೆ ಕಾದು, ತೋಳು ಮಡಚಿ ಸ್ಪ್ಯಾನರ್ ಹಿಡಿದಳು. ಹೆಡ್ ಮೇಲೆದ್ದಾಗ ಕೋಣೆಯೆಲ್ಲ ಬಗ್ಗಿ ನೋಡಿತು. ಪ್ರತಿ ಪಿಸ್ಟನ್ನಿನ ನೆತ್ತಿಯ ಮೇಲೂ ಉಗುರು ಊರಿದಂತೆ ಹೊಳೆಯುವ ಒಂದು ಅರ್ಧಚಂದ್ರ. ವಾಲ್ವು ತಾಗಿದ ಗುರುತು. ಪೂರ್ತಿ ವೇಗಕ್ಕೆ ಹೋಗಿದ್ದರೆ ಅತ್ತೆಯ ಎಂಜಿನ್ ಚೂರುಚೂರಾಗುತ್ತಿತ್ತು.

"ಹೆಡ್ ಕೆಲಸ ಯಾರದ್ದು?" ಎಂದರು ಅಧ್ಯಕ್ಷರು, ಕಾಲರ್ ಸಡಿಲಿಸಿಕೊಂಡು.

ಎಲ್ಲರೂ ಅಣ್ಣನನ್ನು ನೋಡಿದರು. ಡಾಕ್ಟರಿಗೆ ಉತ್ತರ ಗೊತ್ತಿತ್ತು. ಆದರೂ ಅವನು ಹೇಳಲಿಲ್ಲ. ಹೇಳಬೇಕಾದವಳ ಬಾಯಿಂದ ಅದನ್ನು ಕಿತ್ತುಕೊಳ್ಳುವ ಇನ್ನೊಬ್ಬ ಗಂಡಸಾಗಲು ಅವನಿಗೆ ಇಷ್ಟವಿರಲಿಲ್ಲ. ಅವಳನ್ನು ನೋಡುತ್ತ ಸುಮ್ಮನೆ ಕಾದ.

"ನನ್ನದು," ಎಂದಳು. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು. "ಇದೂ ನನ್ನದೇ, ಇದಕ್ಕೆ ಮೊದಲು ಅಂಗಡಿಯಿಂದ ಹೋದವೂ ನನ್ನವೇ. ಕೊನೆಗೆ ಉಜ್ಜಿದ್ದು ಮಾತ್ರ ಅಣ್ಣ."

ಅಣ್ಣನ ಕಣ್ಣು ಆ ಅರ್ಧಚಂದ್ರಗಳ ಮೇಲೆ ಬಿತ್ತು. ಅವನು ಹೊರಗೆ ಹೋಗಿ ಬಿಸಿಲಲ್ಲಿ ನಿಂತ.

*

ಹೆಡ್ಡಿನಡಿ ಇನ್ನೂ ದಪ್ಪನೆಯ ಗ್ಯಾಸ್ಕೆಟ್ಟಿನ ಪದರ ಹಾಕಿ, ಹೋದ ಜಾಗವನ್ನು ಅವಳು ಮರಳಿ ತಂದಳು. ಮಣ್ಣಿನಲ್ಲಿ ಮತ್ತೆ ಅಳೆದಳು. ಅದೇ ಡೈನೋ ಕೋಣೆಯಲ್ಲಿ ಮುಳ್ಳು ನೂರ ನಲವತ್ತೊಂದಕ್ಕೆ ನಿಂತಿತು. ಅಣ್ಣ ಎದೆ ತಟ್ಟಿಕೊಂಡದ್ದಕ್ಕಿಂತ ಕಡಿಮೆ, ಕಾರು ಬಂದ ದಿನ ಇದ್ದದ್ದಕ್ಕಿಂತ ಮೂವತ್ತು ಹೆಚ್ಚು. ಎಲ್ಲವೂ ಅದರದೇ ಉಸಿರು. ಅಣ್ಣ ಬಂದಿದ್ದ. ಬಿಚ್ಚಿದ ಪಟ್ಟಿಗಳನ್ನು ತಾನೇ ಸುತ್ತಿಟ್ಟು ಹೋದ.

ಕೋಣೆ ಖಾಲಿಯಾದ ಮೇಲೆ ಅವಳು ಹೆಡ್ಡಿನ ಮೇಲೆ ಗೀರು ಹಾಕಿದಳು. ಈ ಸಲ ಅಂಚಿನಲ್ಲಲ್ಲ. ಬಾನೆಟ್ ತೆರೆದವರಿಗೆಲ್ಲ ಕಾಣುವ ಹಾಗೆ, ಮಧ್ಯದಲ್ಲಿ, ಬೆರಳಿನಷ್ಟು ಉದ್ದ.

ಅವನು ಪಕ್ಕಕ್ಕೆ ಬಂದು ನಿಂತ. ಬೆಟ್ಟದ ರಸ್ತೆಗೆ ಮೊದಲ ಸಲ ಹೋಗುವಾಗ ಆ ಇನ್ನೊಂದು ಸೀಟು ಖಾಲಿ ಇರಬಾರದು ಎಂದ. ಆಮೇಲೆ ಹೋಗುವಾಗಲೂ, ಎಂದ. ಯಾವಾಗಲೂ, ಎನ್ನಲು ಹೋಗಿ ತಡವರಿಸಿದ.

"ಓಡಿಸೋದು ಯಾರು?" ಎಂದಳು.

ಅವನು ಕೀಯನ್ನು ಅವಳ ಅಂಗೈಯಲ್ಲಿಟ್ಟ. ಕೈ ಹಿಂದೆ ತೆಗೆಯಲಿಲ್ಲ. ಮುಖ ಹತ್ತಿರ ಬಂತು, ಲವಂಗದೆಣ್ಣೆಯ ವಾಸನೆ ಬಂತು. "ನೋವಾದ್ರೆ ಗೊತ್ತಲ್ಲ," ಎಂದ ಪಿಸುಮಾತಿನಲ್ಲಿ.

ಅವಳು ಎಡಗೈ ಎತ್ತಿದಳು.

ಅವನು ಅಲ್ಲೇ ನಿಂತುಬಿಟ್ಟ. ಯಾಕೆ ಎಂದು ಕೇಳಲಿಲ್ಲ. ಉಸಿರನ್ನೂ ಹಿಡಿದ.

ಆ ನಿಂತ ಮುಖವನ್ನು ಅವಳು ಒಂದು ಗಳಿಗೆ ಕಣ್ತುಂಬ ನೋಡಿದಳು. ಆಮೇಲೆ ಎತ್ತಿದ ಕೈಯನ್ನು, ಗ್ರೀಸಿನ ಸಮೇತ, ಅವನ ಕೆನ್ನೆಯ ಮೇಲಿಟ್ಟಳು.