ತಳ ಕಲಕದ ರಿಯಾಕ್ಟರ್

ಮಂಗಳವಾರ ಬೆಳಿಗ್ಗೆ 10.20ಕ್ಕೆ ಬಣ್ಣದ ಕಾರ್ಖಾನೆಯ ಪ್ರಯೋಗ ವಿಭಾಗದ ಮುಖ್ಯಸ್ಥರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಹಿಂದಿನ ಮಧ್ಯಾಹ್ನ ಹೊಸ ರಾಸಾಯನಿಕ ತಯಾರಿಸುವಾಗ ರಿಯಾಕ್ಟರ್ ಎಂಬ ದೊಡ್ಡ ಬೆರಕೆ ಪಾತ್ರೆ ಉಕ್ಕಿ ಇಬ್ಬರಿಗೆ ಸುಟ್ಟ ಗಾಯವಾಗಿತ್ತು. ಆಪರೇಟರ್ ಕಲಕುವ ಯಂತ್ರವನ್ನು ಒಂದು ಗಂಟೆ ನಿಲ್ಲಿಸಿ, ಆಮೇಲೆ ಒಮ್ಮೆಲೇ ಚಾಲೂ ಮಾಡಿದ್ದೇ ಕಾರಣ ಎಂಬುದು ದೂರು. ಆಪರೇಟರ್ ಮೇಲೆ ಎಫ್‌ಐಆರ್ ದಾಖಲಾಯಿತು.

ಗಾಯಗೊಂಡವರಲ್ಲಿ ಅವನೂ ಒಬ್ಬ. ಇನ್‌ಸ್ಪೆಕ್ಟರ್ ನೇರವಾಗಿ ಆಸ್ಪತ್ರೆಗೆ ಹೋದರು.

"ಯಂತ್ರ ನಿಲ್ಲಿಸಿದ್ದೆಯಾ?"

"ಇಲ್ಲ ಸಾರ್. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ಇಲ್ಲ."

"ಲಾಗ್‌ಬುಕ್ಕಲ್ಲಿ ನಿಲ್ಲಿಸಿದೆ ಅಂತ ಇದೆಯಂತೆ."

"ನಾನು ಹಾಗೆ ಬರೆದಿಲ್ಲ."

ಹಾಸಿಗೆ ಪಕ್ಕದಲ್ಲಿದ್ದ ಹೆಂಡತಿ ಸಿಡಿದಳು. "ಹಾಲು ಕಾಯೋಕಿಟ್ಟರೆ ಉಕ್ಕಿ ಇಳಿಯೋವರೆಗೂ ಒಲೆ ಬಿಟ್ಟು ಕದಲೋನಲ್ಲ ಈ ಮನುಷ್ಯ. ಜೈಲಿಗೆ ಹಾಕೋದಾದ್ರೆ ಹಾಕಿ, ಕೆಲಸಗಳ್ಳ ಅಂತ ಮಾತ್ರ ಅನ್ನಬೇಡಿ!"

12.40ಕ್ಕೆ ಕಾರ್ಖಾನೆಯಲ್ಲಿ ಪಂಚನಾಮೆ ಶುರುವಾಯಿತು. ಹೆಡ್ ಕಾನ್‌ಸ್ಟೇಬಲ್ ಲಾಗ್‌ಬುಕ್ ತಿರುವಿದರು. ಎಲ್ಲ ಪುಟಗಳಲ್ಲೂ ಕೈಗವಸಿನ ಮಸಿ, ಎಣ್ಣೆ. ಸೋಮವಾರದ ಪುಟ ಮಾತ್ರ ಬೆಳ್ಳಗಿತ್ತು.

"ಸಾರ್, ಮಿಕ್ಕಿದ್ದೆಲ್ಲ ಗ್ಯಾರೇಜ್ ಚಿಂದಿ, ಇದೊಂದು ಮದುವೆ ಪತ್ರಿಕೆ!"

ಹೊಲಿಗೆಯ ಬಳಿ ಹರಿದ ಹಾಳೆಯ ಅಂಚು ಉಳಿದಿತ್ತು.

ಕಲಕುವ ಯಂತ್ರದ ಮೋಟಾರಿನ ಸ್ವಿಚ್ ಪೆಟ್ಟಿಗೆ ತೆರೆದಾಗ ಬಾಗಿಲ ಒಳಬದಿಯಲ್ಲಿ ಸೀಮೆಸುಣ್ಣದ ಅಂಕಿಗಳು ಕಂಡವು. ಪ್ರಯೋಗಾಲಯದ ಕಿರಿಯ ರಸಾಯನಜ್ಞೆ ವಿವರಿಸಿದಳು: "ಈ ಮೋಟಾರ್ ಹಿಂದೊಮ್ಮೆ ಸುಟ್ಟಿತ್ತು. ಅವತ್ತಿಂದ ಆಪರೇಟರ್ ಅಣ್ಣ ಕಾಲು ಗಂಟೆಗೊಮ್ಮೆ ಕರೆಂಟ್ ಎಷ್ಟು ಎಳೀತಿದೆ ಅಂತ ಬರೀತಾರೆ. ಬೆಳಿಗ್ಗೆ ಬಂದು ಒರೆಸ್ತಾರೆ."

ಈ ದಿನ ಒರೆಸುವವನು ಆಸ್ಪತ್ರೆಯಲ್ಲಿದ್ದ. ಯಂತ್ರ ನಿಂತಿತ್ತೆಂದು ಲಾಗ್‌ಬುಕ್ ಹೇಳುತ್ತಿದ್ದ 1.15ರಿಂದ 2.15ರವರೆಗೆ ಎಲ್ಲ ಕಡೆ ಆರು ಆಂಪಿಯರ್. ಯಂತ್ರ ನಿಂತಿರಲೇ ಇಲ್ಲ. 2.20ಕ್ಕೆ ಹನ್ನೊಂದು.

"ಒಮ್ಮೆಲೇ ಯಾಕೆ ಏರಿತು?"

ಹುಡುಗಿ ಮುಖ್ಯಸ್ಥರ ಕೋಣೆಯತ್ತ ನೋಡಿದಳು. ಇನ್‌ಸ್ಪೆಕ್ಟರಿಗೆ ರೇಗಿತು. "ಆ ಮನುಷ್ಯನ ಕೈ ಬೆಂದಿದೆ ತಾಯಿ! ಈಗ ಬಾಯಿ ಬಿಡದಿದ್ದರೆ ಇನ್ಯಾವಾಗ?"

ಅವಳು ಒಂದು ಗಾಜಿನ ತೊಟ್ಟಿ ತಂದಳು. ನೀರಿನ ಅಡಿಗೆ ನೀಲಿ ಬೆರೆಸಿದ ಭಾರವಾದ ದ್ರವ ಬಿಟ್ಟು ಪುಟ್ಟ ಕಲಕುವ ಯಂತ್ರ ತಿರುಗಿಸಿದಳು. ಮೇಲೆ ಸುಳಿ ಎದ್ದಿತು. ತಳದ ನೀಲಿ ಕದಲಲಿಲ್ಲ.

"ನಮ್ಮ ಸ್ಟೇಷನ್ ಟೀ ಥರ," ಎಂದರು ಹೆಡ್ ಕಾನ್‌ಸ್ಟೇಬಲ್. "ಸಕ್ಕರೆಯೆಲ್ಲ ತಳದಲ್ಲೇ."

"ಹೂಂ. ಸಣ್ಣ ಫ್ಲಾಸ್ಕಲ್ಲಿ ಚೆನ್ನಾಗಿ ಬೆರೆಯುತ್ತೆ. ದೊಡ್ಡ ರಿಯಾಕ್ಟರಲ್ಲಿ ಕಲಕೋ ರೆಕ್ಕೆ ತಳ ಮುಟ್ಟಲ್ಲ. ಇದನ್ನ ಎರಡು ವಾರದ ಹಿಂದೆಯೇ ಬರೆದುಕೊಟ್ಟಿದ್ದೆ." ಅವಳು ವೇಗ ಹೆಚ್ಚಿಸಿದಳು. ನೀಲಿಯೆಲ್ಲ ಒಂದೇ ಏಟಿಗೆ ಮೇಲೆದ್ದಿತು. "ನಿನ್ನೆ ಆಗಿದ್ದು ಇದೇ. ತಳದಲ್ಲಿದ್ದದ್ದೆಲ್ಲ ಒಮ್ಮೆಲೇ ಬೆರೆತು, ಕಾದು ಉಕ್ಕಿತು."

ಅವಳ ವರದಿ ಮುಖ್ಯಸ್ಥರ ಡ್ರಾಯರಿನಲ್ಲಿ ಸಿಕ್ಕಿತು. 'ನೋಡಿದ್ದೇನೆ' ಎಂದು ಬರೆದು ಸಹಿ ಹಾಕಿದ್ದರು.

"ವೇಗ ಏರಿಸು ಅಂದಿದ್ದು ಯಾರು?" ಇನ್‌ಸ್ಪೆಕ್ಟರ್ ಮುಖ್ಯಸ್ಥರನ್ನು ಕೇಳಿದರು.

"...ನಾನು."

"ಪುಟ?"

"ನಾನೇ ಹರಿದೆ. ಮುಂದಿನ ಹಾಳೆಯಲ್ಲಿ ಬೇರೆ ಬರೆದೆ."

"ಅವಳು ತೋರಿಸಿದಾಗಲೇ ನಿಲ್ಲಿಸೋಕೆ ಏನು ಕಷ್ಟ ಇತ್ತು?"

ಮುಖ್ಯಸ್ಥರು ಕನ್ನಡಕ ತೆಗೆದರು. "ಮೂವತ್ತು ವರ್ಷ ಅನುಭವದ ನನಗೆ ಹೊಳೆಯದ್ದು ನಿನ್ನೆ ಮೊನ್ನೆ ಬಂದವಳಿಗೆ ಹೊಳೀತು. ಅದನ್ನ ಒಪ್ಪಿಕೊಳ್ಳೋಕೆ ಆಗಲಿಲ್ಲ."

ಸಂಜೆ 4.05ಕ್ಕೆ ಅವರ ಬಂಧನವಾಯಿತು. ಆಪರೇಟರ್ ಹೆಸರನ್ನು ಆರೋಪಿ ಪಟ್ಟಿಯಿಂದ ಕೈಬಿಡಲು ಇನ್‌ಸ್ಪೆಕ್ಟರ್ ಅದೇ ಸಂಜೆ ವರದಿ ಬರೆದರು.

ಆರು ವಾರದ ನಂತರ ಇನ್ನೊಂದು ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ಕಾರ್ಖಾನೆಗೆ ಹೋದಾಗ ಆಪರೇಟರ್ ಕೆಲಸಕ್ಕೆ ಮರಳಿದ್ದ. ಗಾಜಿನ ತೊಟ್ಟಿಯಲ್ಲಿ ತಳದವರೆಗೆ ಇಳಿಯುವ ಹೊಸ ರೆಕ್ಕೆ ತಿರುಗುತ್ತಿತ್ತು.

"ಬಣ್ಣ ಬಿಡಲಾ ಅಣ್ಣಾ?" ಕಿರಿಯ ರಸಾಯನಜ್ಞೆ ಕೇಳಿದಳು.

"ಬಿಡಮ್ಮ, ಎಣಿಸ್ತೀನಿ."

ಎಂಟು ಎಣಿಸುವಷ್ಟರಲ್ಲಿ ತಳದಿಂದ ಮೇಲಿನವರೆಗೂ ಒಂದೇ ನೀಲಿ. ಅವನು ಹೊಸ ಲಾಗ್‌ಬುಕ್ ಎಳೆದುಕೊಂಡು ಸಮಯ ಬರೆದ. ಪುಟದ ಮೂಲೆಯಲ್ಲಿ ಅವನ ಹೆಬ್ಬೆರಳ ನೀಲಿ ಗುರುತು ಮೂಡಿತು.